ಫಿಟ್ಟರ್ ಕೆಲಸಕ್ಕೆ ಇಂಗ್ಲಿಷಿನ ಅಂಕ

ಪೀಣ್ಯದ ಕಾರ್ಖಾನೆಗಳಲ್ಲಿ ಮಾನವ ಸಂಪನ್ಮೂಲ ವಿಭಾಗವೆಂದರೆ ಬಾಗಿಲಿಗೆ ದೊಡ್ಡ ಹೆಸರು ಅಂಟಿಸಿಕೊಂಡ ಸಣ್ಣ ಕೋಣೆ. ಹಾಜರಿ, ಪಿಎಫ್, ಇಎಸ್‌ಐ, ಕ್ಯಾಂಟೀನಿನ ಸಾಂಬಾರಿನ ಬಗ್ಗೆ ದೂರು, ಯೂನಿಯನ್ನಿನ ಪತ್ರಗಳಿಗೆ ಉತ್ತರ, ಇಷ್ಟೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ನೇಮಕಾತಿ. ನಾನು ಕೆಲಸ ಮಾಡುವ ಕಾರ್ಖಾನೆ ವಾಹನಗಳ ಬಿಡಿಭಾಗ ತಯಾರಿಸುತ್ತದೆ. ನಮಗೆ ಬೇಕಾದವರು ಫಿಟ್ಟರ್, ಟರ್ನರ್, ಸಿಎನ್‌ಸಿ ಆಪರೇಟರ್ (ಕಂಪ್ಯೂಟರ್ ನಿಯಂತ್ರಿತ ಯಂತ್ರ ನಡೆಸುವವರು), ಗುಣಮಟ್ಟ ಪರೀಕ್ಷಕರು. ಜೊತೆಗೆ ಪ್ರತಿ ವರ್ಷ ಒಂದಷ್ಟು ಡಿಪ್ಲೊಮಾ ಮುಗಿಸಿದ ಹುಡುಗ ಹುಡುಗಿಯರು. ಒಂದು ಕಾಲದಲ್ಲಿ ಗೇಟಿಗೆ ಬೋರ್ಡು ತೂಗುಹಾಕಿದರೆ ಸಾಕಿತ್ತು. ಈಗ ಮೊಬೈಲಿನ ಉದ್ಯೋಗದ ಆ್ಯಪ್‌ನಲ್ಲಿ ಒಂದು ಜಾಹೀರಾತು ಹಾಕಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಬೀದರ್‌ನಿಂದ ಚಾಮರಾಜನಗರದವರೆಗೆ, ಅದರಾಚೆ ಬಿಹಾರ, ಒಡಿಶಾದವರೆಗೆ ಅರ್ಜಿಗಳು ಬಂದು ಬಿದ್ದಿರುತ್ತವೆ.

ಅಷ್ಟನ್ನೂ ಓದುತ್ತಿದ್ದೆವೇ? ಇಲ್ಲ. ನಮ್ಮಲ್ಲಿ ಮಾತ್ರವಲ್ಲ, ನನಗೆ ಗೊತ್ತಿರುವ ಯಾವ ಕಾರ್ಖಾನೆಯಲ್ಲೂ ಓದುತ್ತಿರಲಿಲ್ಲ. ಮೇಲಿನಿಂದ ನೋಡುತ್ತ ಬರುವುದು, ಸಂದರ್ಶನಕ್ಕೆ ಸಾಕಾಗುವಷ್ಟು ಜನ ಸಿಕ್ಕ ಕೂಡಲೇ ನಿಲ್ಲಿಸುವುದು. ಕೆಳಗೆ ಉಳಿದವರ ಬಯೋಡೇಟಾವನ್ನು ಯಾರೂ ತೆರೆದೇ ಇರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಅರ್ಜಿ ಓದುವ ಎಐ ಯಂತ್ರ ಬರುವ ಮುಂಚೆ ನೇಮಕಾತಿ ನ್ಯಾಯವಾಗಿತ್ತು, ಬಂದ ಮೇಲೆ ಕೆಟ್ಟಿತು ಎಂಬ ಕಥೆಯನ್ನು ನಾನು ಹೇಳಲು ಹೊರಟಿಲ್ಲ. ಶಿಫಾರಸು, ಪರಿಚಯದವರ ಮಗ, ‘ನಮ್ಮ ಕಡೆಯ ಹುಡುಗ’ ಇವೆಲ್ಲ ಯಾವ ಸಾಫ್ಟ್‌ವೇರೂ ಇಲ್ಲದೆ ಚೆನ್ನಾಗಿಯೇ ನಡೆದುಕೊಂಡು ಬಂದಿದ್ದವು.

ಹೀಗಿರುವಾಗ ನಮ್ಮ ಪ್ಲಾಂಟ್ ಮುಖ್ಯಸ್ಥರು ಒಂದು ಸಮ್ಮೇಳನಕ್ಕೆ ಹೋಗಿ ಬಂದು, ಬಯೋಡೇಟಾ ಓದಿ ಅಂಕ ಕೊಡುವ ಎಐ ಸಾಫ್ಟ್‌ವೇರ್ ಕೊಳ್ಳೋಣ ಎಂದರು. ಮಾರುವವರು ಬಂದರು. ಪರದೆಯ ಮೇಲೆ ಅಭ್ಯರ್ಥಿಗಳ ಹೆಸರು, ಪ್ರತಿ ಹೆಸರಿನ ಮುಂದೆ ಹಸಿರು, ಹಳದಿ, ಕೆಂಪು ಪಟ್ಟಿ, ಪಟ್ಟಿಯ ತುದಿಯಲ್ಲಿ ಒಂದು ಸಂಖ್ಯೆ. ಮೊದಲನೆಯವನಿಗೆ ಶೇ 87.

‘ಯಾವುದರ ಶೇಕಡಾ?’ ಎಂದು ಕೇಳಿದೆ.

‘ಹೊಂದಾಣಿಕೆ, ಮೇಡಂ.’

‘ಯಾವುದಕ್ಕೂ ಯಾವುದಕ್ಕೂ?’

ಹುದ್ದೆಯ ವಿವರಕ್ಕೂ ಬಯೋಡೇಟಾಕ್ಕೂ ಎಂದರು. ಹಾಗಾದರೆ 87ಕ್ಕೂ 79ಕ್ಕೂ ನಡುವೆ ಈ ಮನುಷ್ಯನಲ್ಲಿ ಏನು ಕಡಿಮೆಯಾಯಿತು ಎಂದರೆ, ಅದು ಕಂಪನಿಯ ಗುಟ್ಟು, ಹೊರಗೆ ಹೇಳುವಂತಿಲ್ಲ ಎಂಬ ಉತ್ತರ. ನನ್ನ ತಕರಾರು ಅಲ್ಲಿಂದಲೇ ಶುರು. ಕೆಲಸ ಸಿಗದವನು ಫೋನ್ ಮಾಡಿ ‘ನನ್ನನ್ನು ಏಕೆ ಕರೆಯಲಿಲ್ಲ ಮೇಡಂ’ ಎಂದರೆ ಉತ್ತರ ಕೊಡಬೇಕಾದವಳು ನಾನು. ಕಂಪನಿಯ ಗುಟ್ಟು ಎಂದು ಅವನಿಗೆ ಹೇಳಲಾಗುತ್ತದೆಯೇ?

ಕೊಳ್ಳುವುದು ಬೇಡವೆಂದು ನಾನು ಹಟ ಹಿಡಿಯಲಿಲ್ಲ. ಪ್ರಶ್ನೆಗಳನ್ನು ಬರೆದು ಕಳಿಸಿದೆ. ಉತ್ತರವೂ ಬರಹದಲ್ಲೇ ಬರಬೇಕೆಂದೆ. ಅಂಕ ಹಾಕುವ ಈ ಎಐ ಮಾದರಿಯನ್ನು ಯಾವ ದೇಶದ, ಯಾವ ಬಗೆಯ ಕೆಲಸಗಳ ಬಯೋಡೇಟಾಗಳ ಮೇಲೆ ತಯಾರಿಸಿದ್ದೀರಿ? ನಮ್ಮ ಅಭ್ಯರ್ಥಿಗಳ ವಿವರವನ್ನು ನಿಮ್ಮ ಮುಂದಿನ ತರಬೇತಿಗೆ ಬಳಸುತ್ತೀರಾ? ದತ್ತಾಂಶ ಎಲ್ಲಿ ಉಳಿಯುತ್ತದೆ, ಅಳಿಸಿ ಎಂದರೆ ಎಷ್ಟು ದಿನದಲ್ಲಿ ಅಳಿಸುತ್ತೀರಿ? ಯಾವ ಅರ್ಜಿಗೆ ಯಾವ ದಿನ ಏನು ಅಂಕ ಬಂತು ಎಂಬ ದಾಖಲೆ ನಮಗೆ ಸಿಗುತ್ತದೆಯೇ? ಅಂಕವನ್ನು ಪೂರ್ತಿ ನಿಲ್ಲಿಸಿ ಉಳಿದದ್ದನ್ನು ಮಾತ್ರ ಬಳಸಬಹುದೇ? ಮಾರುವ ಮೂವರಲ್ಲಿ ಒಬ್ಬರು ಉತ್ತರಿಸಲೇ ಇಲ್ಲ, ಇನ್ನೊಬ್ಬರು ಬಣ್ಣಬಣ್ಣದ ಕಿರುಹೊತ್ತಗೆ ಕಳಿಸಿದರು. ಮೂರನೆಯವರು ಅರ್ಧಕ್ಕೆ ಉತ್ತರಿಸಿ, ಉಳಿದ ಅರ್ಧಕ್ಕೆ ತಮ್ಮ ತಾಂತ್ರಿಕ ತಂಡವನ್ನೇ ಕರೆತಂದರು. ಅವರೊಡನೆ ಮುಂದುವರಿದೆವು.

ಅವರ ಮೊದಲ ಸಲಹೆ ಕೇಳಲು ಸೊಗಸಾಗಿತ್ತು. ನಿಮ್ಮಲ್ಲಿ ಈವರೆಗೆ ಚೆನ್ನಾಗಿ ಕೆಲಸ ಮಾಡಿದವರ ಪಟ್ಟಿ ಕೊಡಿ, ಅಂಥವರನ್ನೇ ನಮ್ಮ ಮಾದರಿ ಹುಡುಕುತ್ತದೆ ಎಂದರು. ಪ್ಲಾಂಟ್ ಮುಖ್ಯಸ್ಥರು ತಲೆಯಾಡಿಸಿದರು. ನಾನು ಒಪ್ಪಲಿಲ್ಲ, ಅದಕ್ಕೆ ಕಾರಣ ನಮ್ಮ ಕಾರ್ಖಾನೆಯ ಇತಿಹಾಸದಲ್ಲೇ ಇತ್ತು. 1948ರ ಕಾರ್ಖಾನೆ ಕಾಯ್ದೆ ಹೆಂಗಸರಿಗೆ ರಾತ್ರಿ ಪಾಳಿಯನ್ನು ನಿಷೇಧಿಸಿತ್ತು. ಕರ್ನಾಟಕದಲ್ಲಿ ಸರ್ಕಾರ ಷರತ್ತುಗಳೊಡನೆ ಅನುಮತಿ ಕೊಟ್ಟದ್ದು 2019ರ ನವೆಂಬರಿನಲ್ಲಿ. ಮೂರು ಪಾಳಿಯಲ್ಲಿ ಓಡುವ ಯಂತ್ರಕ್ಕೆ ಅದಕ್ಕೂ ಮೊದಲು ಯಾರೂ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ನಮ್ಮ ‘ಚೆನ್ನಾಗಿ ಕೆಲಸ ಮಾಡಿದ’ ಆಪರೇಟರುಗಳ ಪಟ್ಟಿಯಲ್ಲಿ ಇರುವವರೆಲ್ಲ ಗಂಡಸರು. ಕಾನೂನು ತಡೆದಿತ್ತು ಎಂಬುದು ಆ ಪಟ್ಟಿಯಲ್ಲಿ ಎಲ್ಲೂ ಬರೆದಿಲ್ಲ. ಯಂತ್ರ ಅದನ್ನು ಓದಿ, ಈ ಕೆಲಸ ಗಂಡಸರಿಗೆ ಹೊಂದುತ್ತದೆ ಎಂದಷ್ಟೇ ಕಲಿಯುತ್ತದೆ.

ಇದು ನನ್ನ ಊಹೆಯ ಭಯವಲ್ಲ. ಅಮೆಜಾನ್ ಕಂಪನಿ 2014ರಲ್ಲಿ ಇಂಥದೇ ಒಂದು ಸಾಧನ ಕಟ್ಟಲು ಹೊರಟಿತ್ತು. ಹಿಂದಿನ ಹತ್ತು ವರ್ಷಗಳಲ್ಲಿ ಬಂದ ಬಯೋಡೇಟಾಗಳಿಂದ ಅದು ಕಲಿಯಿತು. ಅವುಗಳಲ್ಲಿ ಹೆಚ್ಚಿನವು ಗಂಡಸರವು. ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ ಎಂಬಂತೆ ‘ಮಹಿಳಾ’ ಎಂಬ ಮಾತು ಬಂದ ಅರ್ಜಿಗಳ ಅಂಕ ಕಡಿಮೆ ಮಾಡುತ್ತಿತ್ತು. ಕಡೆಗೆ ಕಂಪನಿ ಆ ಯೋಜನೆಯನ್ನೇ ಕೈಬಿಟ್ಟಿತು. ಸುದ್ದಿ ಹೊರಬಂದದ್ದು 2018ರ ಅಕ್ಟೋಬರಿನಲ್ಲಿ. ಅಷ್ಟು ದೊಡ್ಡ ಎಂಜಿನಿಯರುಗಳ ಪಡೆಯಿದ್ದ ಕಡೆ ಸರಿಪಡಿಸಲಾಗದ್ದನ್ನು ಪೀಣ್ಯದ ಎರಡನೇ ಹಂತದ ಒಂದು ಕೋಣೆಯಲ್ಲಿ ಕುಳಿತು ನಾವು ಸರಿಪಡಿಸುತ್ತೇವೆಯೇ? ಹಳೆಯ ಪಟ್ಟಿ ಕೊಡುವುದಿಲ್ಲ ಎಂದು ತೀರ್ಮಾನವಾಯಿತು.

ಆಮೇಲೆ ಪರೀಕ್ಷೆ. ಹಿಂದಿನ ವರ್ಷದ ಅರ್ಜಿಗಳಲ್ಲಿ ಒಂದು ಕಂತನ್ನು ತೆಗೆದು, ಹೆಸರು, ಫೋನ್ ನಂಬರ್ ಬದಲಿಸಿ ಸಾಫ್ಟ್‌ವೇರಿಗೆ ಹಾಕಿದೆವು. ಅದೇ ಅರ್ಜಿಗಳನ್ನು ಮಷಿನ್ ಶಾಪಿನ ಹಿರಿಯ ಸೂಪರ್‌ವೈಸರ್ ಒಬ್ಬರ ಮುಂದೆಯೂ ಇಟ್ಟೆವು. ಇವರ ಬಗ್ಗೆ ಎರಡು ಮಾತು ಹೇಳಬೇಕು. ಇವರ ಸಂದರ್ಶನದಲ್ಲಿ ಮಾತು ಕಡಿಮೆ. ಅಭ್ಯರ್ಥಿಯ ಕೈಗೆ ಒಂದು ಶಾಫ್ಟು, ಒಂದು ಮೈಕ್ರೊಮೀಟರು ಕೊಟ್ಟು ಅಳತೆ ಹೇಳು ಎನ್ನುತ್ತಾರೆ. ಹುಡುಗ ತುದಿಯ ರ‍್ಯಾಚೆಟ್ ಹಿಡಿದು ಕಟಕಟ ಸದ್ದು ಬರುವವರೆಗೆ ತಿರುಗಿಸಿದನೋ, ಇಲ್ಲ ಥಿಂಬಲನ್ನೇ, ಅಂದರೆ ತಿರುಗುವ ಹಿಡಿಯನ್ನೇ, ಹಿಡಿದು ನಲ್ಲಿ ಬಿಗಿದಂತೆ ಬಿಗಿದನೋ, ಅಷ್ಟು ನೋಡಿದರೆ ಸಾಕು ಅವರಿಗೆ. ಥಿಂಬಲ್ ಬಿಗಿಯುವವನ ಅಳತೆಯಲ್ಲಿ ಕೆಲವು ಮೈಕ್ರಾನ್, ಅಂದರೆ ಮಿಲಿಮೀಟರಿನ ಕೆಲವು ಸಾವಿರದಂಶ, ಕಳೆದುಹೋಗಿರುತ್ತವೆ, ಅವನು ಯಾವ ಕಾಲೇಜಿನಲ್ಲಿ ಓದಿದ್ದರೂ.

ಪರೀಕ್ಷೆಯಲ್ಲಿ ನಮಗೆ ಹೆಚ್ಚು ಕಲಿಸಿದ್ದು ಅದಲು ಬದಲಿನ ಆಟ. ಒಂದೇ ಬಯೋಡೇಟಾ, ಅದರಲ್ಲಿ ಒಂದೇ ಒಂದು ವಿವರ ಬದಲಿಸಿ ಮತ್ತೆ ಹಾಕುವುದು. ಮಂಜುನಾಥನನ್ನು ಮಂಜುಳಾ ಮಾಡಿದೆವು. ಹಿಂದೂ ಹೆಸರಿನ ಜಾಗಕ್ಕೆ ಮುಸ್ಲಿಂ, ಕ್ರೈಸ್ತ ಹೆಸರು ಹಾಕಿದೆವು. ಜಾತಿ ತಿಳಿಸುವ ಅಡ್ಡಹೆಸರನ್ನು ಸೇರಿಸಿದೆವು, ತೆಗೆದೆವು. ರಾಜಾಜಿನಗರದ ವಿಳಾಸ ತೆಗೆದು ಯಾದಗಿರಿ ಜಿಲ್ಲೆಯ ಹಳ್ಳಿಯದನ್ನು ಬರೆದೆವು. ನಮಗಿದ್ದ ಭಯವೆಲ್ಲ ಇಲ್ಲೇ. ಆದರೆ ಹೆಸರು ಬದಲಿಸಿದ್ದಕ್ಕೆ ಅಂಕ ಹೆಚ್ಚುಕಡಿಮೆ ಅಲುಗಲೇ ಇಲ್ಲ. ವಿಳಾಸಕ್ಕೂ ಅಷ್ಟೇ. ಮಾರುವವರು ನಿಟ್ಟುಸಿರು ಬಿಟ್ಟರು.

ಆಟ ಮುಂದುವರಿಸಿದೆವು. ನಮ್ಮ ಅಭ್ಯರ್ಥಿಗಳಲ್ಲಿ ಬಹುಪಾಲು ಜನ ಬಯೋಡೇಟಾ ಮಾಡಿಸುವುದು ಊರಿನ ಜೆರಾಕ್ಸ್ ಅಂಗಡಿಯಲ್ಲಿ. ಅಂಗಡಿಯವನ ಬಳಿ ಒಂದು ಅಚ್ಚು ಇರುತ್ತದೆ. ಹೆಸರು, ತಂದೆಯ ಹೆಸರು, ಎಸ್‌ಎಸ್‌ಎಲ್‌ಸಿ ಅಂಕ ಬದಲಿಸಿ ಪ್ರಿಂಟ್ ಕೊಡುತ್ತಾನೆ. ಅನುಭವದ ಜಾಗದಲ್ಲಿ ‘ಲೇಥ್ ವರ್ಕ್, 4 ಇಯರ್ಸ್’ ಎಂದು ಒಂದೇ ಸಾಲು; ಲೇಥ್ ಎಂದರೆ ಲೋಹ ಕಡೆಯುವ ಯಂತ್ರ. ಇಂಥ ಒಂದು ಸಾಲನ್ನು ಚಾಟ್‌ಬಾಟ್‌ಗೆ ಕೊಟ್ಟು ಚೆಂದ ಮಾಡಿಸಿದೆವು. ನಿಖರತೆಗೆ ಬದ್ಧತೆ, ತಂಡದೊಡನೆ ಸಮನ್ವಯ, ನಿರಂತರ ಸುಧಾರಣೆ, ಏನೇನೋ ಸೇರಿ ಅರ್ಧ ಪುಟವಾಯಿತು. ಅದೇ ಮನುಷ್ಯ, ಅದೇ ನಾಲ್ಕು ವರ್ಷ, ಅದೇ ಲೇಥು. ಕೆಂಪು ಪಟ್ಟಿ ಹಸಿರಾಯಿತು.

ಸಾಫ್ಟ್‌ವೇರ್ ಅಳೆಯುತ್ತಿದ್ದದ್ದು ಇಂಗ್ಲಿಷನ್ನು. ಅದೂ ಇಂಗ್ಲಿಷ್ ಬರುತ್ತದೆಯೇ ಎಂದಲ್ಲ, ಒಳ್ಳೆಯ ಇಂಗ್ಲಿಷ್ ಬರೆಸಿಕೊಳ್ಳಲು ದಾರಿ ಗೊತ್ತಿದೆಯೇ ಎಂದು. ಸಂವಹನ ಕೌಶಲವೂ ಮುಖ್ಯವಲ್ಲವೇ ಎಂದು ಮಾರುವವರು ಸಮಜಾಯಿಷಿ ಹೇಳಹೊರಟಾಗ ನಮ್ಮ ಸೂಪರ್‌ವೈಸರ್ ನನ್ನ ಕಡೆ ತಿರುಗಿ, ‘ಲೇಥ್ ಇಂಗ್ಲಿಷ್ ಕೇಳುವುದಿಲ್ಲ ಮೇಡಂ, ಮೈಕ್ರಾನ್ ಕೇಳುತ್ತದೆ’ ಎಂದರು. ಆ ಸಭೆಯಲ್ಲಿ ಇದಕ್ಕಿಂತ ಹೆಚ್ಚಿನ ಮಾತು ಬೇಕಾಗಲಿಲ್ಲ.

ಜೆರಾಕ್ಸ್ ಅಂಗಡಿಯ ಕಥೆ ಇಲ್ಲಿಗೆ ಮುಗಿಯಲಿಲ್ಲ. ಎಷ್ಟೋ ಹುಡುಗರಿಗೆ ಸ್ವಂತ ಇಮೇಲ್ ಇರುವುದಿಲ್ಲ. ಅಂಗಡಿಯವನೇ ತನ್ನ ಅಂಗಡಿಯ ವಿಳಾಸ ಹಾಕಿಬಿಡುತ್ತಾನೆ. ಒಂದೇ ಇಮೇಲ್ ಇರುವ ಅರ್ಜಿಗಳೆಲ್ಲ ಒಬ್ಬನದೇ ಎಂದು ಭಾವಿಸಿ ಸಾಫ್ಟ್‌ವೇರ್ ಕೊನೆಯದನ್ನು ಉಳಿಸಿಕೊಂಡು ಮಿಕ್ಕವನ್ನು ಮಡಚಿ ಒಳಗಿಟ್ಟಿತ್ತು. ಶಿರಾ ಕಡೆಯ ಒಂದು ಅಂಗಡಿಯಿಂದ ಬಂದ ಹುಡುಗರೆಲ್ಲ ಹೀಗೆ ಒಬ್ಬನೇ ಹುಡುಗನಾಗಿದ್ದರು. ಅವರ ‘ವೃತ್ತಿಯ ಗುರಿ’ಯೂ ಒಂದೇ ವಾಕ್ಯವಾಗಿದ್ದುದರಿಂದ ನಕಲು ಎಂಬ ಗುರುತು ಬೇರೆ. ಹಳೆಯ ನುಡಿ ಫಾಂಟಿನಲ್ಲಿ ಕನ್ನಡದಲ್ಲೇ ಬರೆದು ಕಳಿಸಿದವರ ಪಾಡು ಇನ್ನೂ ಸ್ವಾರಸ್ಯ. ಯೂನಿಕೋಡ್ ಅಲ್ಲದ ಆ ಅಕ್ಷರಗಳು ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಅಂಥ ಅರ್ಜಿಗಳಿಗೆ ಸೊನ್ನೆ. ಹೆಸರಿನ ಮುಂದಿನ ಇನಿಶಿಯಲ್ಲನ್ನೇ ಹೆಸರೆಂದು ತಿಳಿದು, ಒಬ್ಬ ಡಿಪ್ಲೊಮಾ ಹುಡುಗಿಗೆ ‘ಪ್ರಿಯ ಕೆ.’ ಎಂದು ಪತ್ರ ತಯಾರಾಗಿತ್ತು. ಇವು ಯಾವುವೂ ದೊಡ್ಡ ನೈತಿಕ ಪ್ರಶ್ನೆಗಳಲ್ಲ. ಕಂಪ್ಯೂಟರಿನ ಸಣ್ಣಪುಟ್ಟ ಎಡವಟ್ಟುಗಳು. ಆದರೆ ಕೆಲಸ ತಪ್ಪುವುದು ಇಂಥವುಗಳಿಂದಲೇ, ಮತ್ತು ಯಾರಿಗೂ ಗೊತ್ತಾಗದಂತೆ.

‘ಹೆಲ್ಪರ್’ ಎಂಬ ಮಾತಿನ ತೊಡಕೂ ಇತ್ತು. ಸಣ್ಣ ವರ್ಕ್‌ಶಾಪ್‌ಗಳಲ್ಲಿ ಯಂತ್ರ ಓಡಿಸುವವನನ್ನೂ ಹಾಜರಿ ಪುಸ್ತಕದಲ್ಲಿ ಹೆಲ್ಪರ್ ಎಂದೇ ಬರೆಯುತ್ತಾರೆ. ಆಪರೇಟರ್ ಎಂದರೆ ಕನಿಷ್ಠ ಕೂಲಿಯ ದರ ಮೇಲೇರುತ್ತದೆ. ಪೀಣ್ಯದಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಈ ಸಂಗತಿ ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ. ಸೂಪರ್‌ವೈಸರ್ ಮೇಲಕ್ಕೆತ್ತಿಟ್ಟ ಅರ್ಜಿಗಳಲ್ಲಿ ಹಲವನ್ನು ಅದು ತಳಕ್ಕೆ ಹಾಕಿದ್ದು ಈ ಒಂದು ಪದದಿಂದ.

ಇನ್ನು ಹೆಣ್ಣುಮಕ್ಕಳ ಲೆಕ್ಕ. ಇದಕ್ಕೆ ಅಮೆರಿಕದ ಒಂದು ಹಳೆಯ ಅಳತೆಗೋಲನ್ನು ಎರವಲು ತಂದೆವು. 1978ರಿಂದ ಅಲ್ಲಿನ ನೇಮಕಾತಿ ಮಾರ್ಗಸೂಚಿಯಲ್ಲಿರುವ ಐದರಲ್ಲಿ ನಾಲ್ಕು ಪಾಲಿನ ನಿಯಮ ಅದು. ನೂರು ಗಂಡಸರಲ್ಲಿ 40 ಜನ, ನೂರು ಹೆಂಗಸರಲ್ಲಿ 28 ಜನ ಆಯ್ಕೆಯಾದರೆ, 28ನ್ನು 40ರಿಂದ ಭಾಗಿಸಿ; 0.7 ಬರುತ್ತದೆ. 0.8ಕ್ಕಿಂತ ಕಡಿಮೆಯಾದರೆ ಎಲ್ಲೋ ಏನೋ ಸರಿಯಿಲ್ಲ, ಹುಡುಕು ಎಂದರ್ಥ. ನಮ್ಮ ದೇಶದಲ್ಲಿ ಇದು ಕಾನೂನಲ್ಲ. ಕಾನೂನಾಗುವವರೆಗೆ ಕಾಯಬೇಕೆಂದೂ ಇಲ್ಲ. ಲೆಕ್ಕ ಮಾಡಲು ಒಂದು ಕ್ಯಾಲ್ಕುಲೇಟರ್ ಸಾಕು. ನ್ಯೂಯಾರ್ಕ್ ನಗರದಲ್ಲಂತೂ 2023ರ ಜುಲೈನಿಂದ ಇಂಥ ಸಾಧನ ಬಳಸುವವರು ಪ್ರತಿ ವರ್ಷ ಹೊರಗಿನವರಿಂದ ಪಕ್ಷಪಾತದ ತಪಾಸಣೆ ಮಾಡಿಸಿ ಫಲಿತಾಂಶ ಪ್ರಕಟಿಸಬೇಕೆಂಬ ಕಾನೂನೇ ಜಾರಿಯಲ್ಲಿದೆ.

ಭಾಗಿಸಿ ನೋಡಿದಾಗ ನಮ್ಮ ಸಂಖ್ಯೆ ಕೆಳಗಿತ್ತು. ಹೆಸರು ಬದಲಿಸಿದರೆ ಅಲುಗದ ಅಂಕ ಹೆಂಗಸರಿಗೆ ಏಕೆ ಕಡಿಮೆ? ಹುಡುಕಿದಾಗ ಸಿಕ್ಕಿದ್ದು ವಿರಾಮ. ಎರಡು ಕೆಲಸಗಳ ನಡುವೆ ವರ್ಷಕ್ಕಿಂತ ಹೆಚ್ಚು ಖಾಲಿಯಿದ್ದರೆ ಸಾಫ್ಟ್‌ವೇರ್ ಅಂಕ ಕಡಿಯುತ್ತಿತ್ತು. ಮದುವೆ, ಹೆರಿಗೆ, ಅತ್ತೆಯ ಕಾಯಿಲೆ, ಗಂಡನ ವರ್ಗಾವಣೆ, ಈ ಖಾಲಿ ವರ್ಷಗಳು ಯಾರ ಬಯೋಡೇಟಾದಲ್ಲಿ ಹೆಚ್ಚು ಇರುತ್ತವೆ ಎಂದು ಹೇಳಬೇಕಾಗಿಲ್ಲ. ಲಿಂಗವನ್ನು ನಾವು ನೋಡುವುದೇ ಇಲ್ಲ ಎಂದು ಮಾರುವವರು ಎದೆ ತಟ್ಟಿ ಹೇಳಿದ್ದರು. ನಿಜವೇ, ನೋಡುತ್ತಿರಲಿಲ್ಲ, ನೋಡದೆಯೇ ಆಗುತ್ತಿತ್ತು.

ಇಷ್ಟಾದ ಮೇಲೆ ಎರಡು ದಾರಿ ಇದ್ದವು. ಪೂರ್ತಿ ಕೈಬಿಟ್ಟು, ಮೇಲಿನಿಂದ ಓದಿ ಸಾಕಾದಾಗ ನಿಲ್ಲಿಸುವ ಹಳೆಯ ಪದ್ಧತಿಗೆ ಹೋಗುವುದು ಒಂದು. ಅದು ಜವಾಬ್ದಾರಿಯಂತೆ ಕಾಣುತ್ತದೆ, ಆದರೆ ಓದದೆ ಉಳಿಯುವ ಅರ್ಜಿಗಳಿಗೆ ಅದರಿಂದ ಏನು ಬಂತು? ನಾವು ಇನ್ನೊಂದು ಹಿಡಿದೆವು. ಯಂತ್ರಕ್ಕೆ ಓದುವ ಕೆಲಸ ಕೊಡುವುದು, ತಿರಸ್ಕರಿಸುವ ಕೆಲಸ ಕೊಡದಿರುವುದು. ಅಂಕವನ್ನೂ ಬಣ್ಣದ ಪಟ್ಟಿಯನ್ನೂ ಮುಚ್ಚಿಸಿದೆವು. ಬಯೋಡೇಟಾವನ್ನೇ ನೆಚ್ಚಿಕೊಳ್ಳುವುದನ್ನು ಬಿಟ್ಟು ಮೊಬೈಲಿನಲ್ಲಿ ತುಂಬುವ ಒಂದು ಸಣ್ಣ ಕನ್ನಡ ಅರ್ಜಿ ಮಾಡಿದೆವು; ಹಿಂದಿ, ಇಂಗ್ಲಿಷಿನಲ್ಲೂ ಇದೆ. ಅದರಲ್ಲಿನ ಪ್ರಶ್ನೆಗಳನ್ನು ಬರೆದವರು ಸೂಪರ್‌ವೈಸರ್. ಯಾವ ಯಂತ್ರ ನಡೆಸಿದ್ದೀರಿ, ಅದರ ಕಂಟ್ರೋಲರ್ ಫ್ಯಾನುಕ್ ಕಂಪನಿಯದೋ ಸೀಮೆನ್ಸಿನದೋ, ಕೆಲಸಕ್ಕೆ ಯಂತ್ರ ಅಣಿಮಾಡುವ ಸೆಟ್ಟಿಂಗ್ ನೀವೇ ಮಾಡುತ್ತಿದ್ದಿರೋ ಇಲ್ಲ ಬೇರೆಯವರು ಮಾಡಿಕೊಟ್ಟ ಮೇಲೆ ನಡೆಸುತ್ತಿದ್ದಿರೋ, ಡ್ರಾಯಿಂಗ್ ಓದಲು ಬರುತ್ತದೆಯೇ, ಯಾವ ಅಳತೆ ಸಾಧನ ಕೈಯಲ್ಲಿ ಹಿಡಿದಿದ್ದೀರಿ. ಹುದ್ದೆಯ ಹೆಸರನ್ನು ಕೇಳುವುದೇ ಇಲ್ಲ. ಹೆಲ್ಪರ್ ಎಂದು ಬರೆಸಿಕೊಂಡು ಯಂತ್ರ ನಡೆಸಿದವನು ಈ ಪ್ರಶ್ನೆಗಳಲ್ಲಿ ತಾನಾಗಿ ಎದ್ದು ಕಾಣುತ್ತಾನೆ. ಜನ ತಮ್ಮ ಮಾತಿನಲ್ಲಿ ಬರೆದ ಉತ್ತರಗಳನ್ನು, ಬೇರೆ ಭಾಷೆಯಲ್ಲಿದ್ದರೆ ಕನ್ನಡಕ್ಕೆ ತಂದು, ಒಂದೆರಡು ಸಾಲಿನ ಸಾರಾಂಶವಾಗಿ ಮುಂದಿಡುವುದು ಎಐ ಮಾಡುವ ಕೆಲಸ.

ಸಾರಾಂಶವನ್ನೂ ಕಣ್ಣು ಮುಚ್ಚಿ ನಂಬುವಂತಿರಲಿಲ್ಲ. ಸಿಎನ್‌ಸಿ ಪ್ರೋಗ್ರಾಮಿಂಗ್‌ನಲ್ಲಿ ಐದು ದಿನದ ತರಬೇತಿ ಪಡೆದಿದ್ದ ಹುಡುಗನಿಗೆ ಅದು ಐದು ವರ್ಷದ ಅನುಭವ ದಯಪಾಲಿಸಿತ್ತು. ಹುಡುಗ ಎಲ್ಲೂ ಸುಳ್ಳು ಬರೆದಿರಲಿಲ್ಲ. ನಾವು ಅದನ್ನೇ ನಂಬಿ ಕರೆದು, ಟ್ರೇಡ್ ಟೆಸ್ಟಿನಲ್ಲಿ, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆಯಲ್ಲಿ, ತಡವರಿಸಿದ ಮೇಲೆ ‘ಸುಳ್ಳುಗಾರ’ ಎಂದು ಬರೆದುಕೊಂಡಿದ್ದರೆ? ಹೀಗಾಗಿ ಸಾರಾಂಶದ ಪ್ರತಿ ಸಾಲಿನ ಪಕ್ಕದಲ್ಲಿ, ಅದು ಅರ್ಜಿಯ ಯಾವ ಮಾತಿನಿಂದ ಬಂತು ಎಂಬುದು ಕಾಣಬೇಕೆಂದು ಮಾಡಿಸಿದೆವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುವುದು ಇದನ್ನೇ: ಒಬ್ಬರ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಅವರ ವಿವರ ಬಳಸುವುದಾದರೆ ಅದು ಪೂರ್ತಿಯಾಗಿ, ನಿಖರವಾಗಿ ಇರುವಂತೆ ನೋಡಿಕೊಳ್ಳುವುದು ಬಳಸುವವರ ಹೊಣೆ.

ಆ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶ ಇಟ್ಟಿದ್ದಾರೆ. ನಾವು ಕಾಯಲಿಲ್ಲ. ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಭಾಷೆಯ ಮಾತು. ದತ್ತಾಂಶ ಏಕೆ ಬೇಕು, ಏನು ಮಾಡುತ್ತೇವೆ ಎಂಬ ತಿಳಿವಳಿಕೆ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಆಯ್ಕೆ ಅರ್ಜಿದಾರನಿಗೆ ಇರಬೇಕು. ಹಾಗೆಂದು ವಕೀಲರಿಂದ ಕನ್ನಡ ಕರಡು ತರಿಸಿದರೆ, ಓದಿದವರಿಗೆ ಕೋರ್ಟಿನಿಂದ ಸಮನ್ಸ್ ಬಂತೇನೋ ಎನಿಸುವಂತಿತ್ತು. ಅದನ್ನು ಪಕ್ಕಕ್ಕಿಟ್ಟು ನಾವೇ ಬರೆದೆವು:

‘ನಿಮ್ಮ ಅರ್ಜಿಯನ್ನು ಮೊದಲು ಕಂಪ್ಯೂಟರ್ ಓದಿ ಸಾರಾಂಶ ಮಾಡುತ್ತದೆ. ಕರೆಯಬೇಕೇ ಬೇಡವೇ ಎಂಬುದನ್ನು ನಮ್ಮ ಸಿಬ್ಬಂದಿ ತೀರ್ಮಾನಿಸುತ್ತಾರೆ. ಕರೆಯದಿದ್ದರೆ ಕಾರಣ ಕೇಳಬಹುದು. ಕಂಪ್ಯೂಟರ್ ಓದುವುದು ಬೇಡವೆಂದರೆ ಇಲ್ಲಿ ಒತ್ತಿ, ನಾವೇ ಓದುತ್ತೇವೆ. ಆಯ್ಕೆಯಾಗದವರ ವಿವರವನ್ನು ಒಂದು ವರ್ಷದ ನಂತರ ಅಳಿಸುತ್ತೇವೆ.’

ಇದನ್ನು ಗೇಟಿನ ಸೆಕ್ಯುರಿಟಿಯವರಿಗೆ ಓದಲು ಕೊಟ್ಟು, ಏನು ಅರ್ಥವಾಯಿತು ಹೇಳಿ ಎಂದೆವು. ಅವರು ಸರಿಯಾಗಿ ಹೇಳಿದ ಮೇಲೆಯೇ ಅರ್ಜಿಯಲ್ಲಿ ಸೇರಿಸಿದ್ದು.

ಸಾಫ್ಟ್‌ವೇರಿನ ಜೊತೆ ಬಂದ ವಿಡಿಯೊ ಸಂದರ್ಶನದ ಭಾಗವನ್ನು ಬೇಡವೆನ್ನಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಭ್ಯರ್ಥಿಯ ಮುಖ, ದನಿ ನೋಡಿ ಆತ್ಮವಿಶ್ವಾಸ, ಪ್ರಾಮಾಣಿಕತೆಗೆ ಅಂಕ ಹಾಕುತ್ತದಂತೆ. ಜಾತಕ ನೋಡಿ ಕೆಲಸ ಕೊಡುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ. ಈ ಕ್ಷೇತ್ರದ ಹೆಸರಾಂತ ಅಮೆರಿಕನ್ ಕಂಪನಿ ಹೈರ್‌ವ್ಯೂ ಮುಖದ ವಿಶ್ಲೇಷಣೆಯನ್ನು ಕೈಬಿಟ್ಟಿದ್ದಾಗಿ 2021ರಲ್ಲೇ ಹೇಳಿತ್ತು. ಐರೋಪ್ಯ ಒಕ್ಕೂಟದ ಎಐ ಕಾಯ್ದೆಯಂತೂ ಕೆಲಸದ ಜಾಗದಲ್ಲಿ ಭಾವನೆ ಗುರುತಿಸುವ ಯಂತ್ರಗಳನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣ ಬಿಟ್ಟರೆ, 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಅಲ್ಲಿ ಮಾರಲಾಗದ್ದನ್ನು ಇಲ್ಲಿ ರಿಯಾಯಿತಿ ದರದಲ್ಲಿ ಕೊಡುತ್ತೇವೆ ಎಂದರೆ ನಗಬೇಕೋ ಸಿಟ್ಟಾಗಬೇಕೋ.

ಯೂನಿಯನ್ನಿನವರಿಗೆ ಸುದ್ದಿ ಹೋಗಿತ್ತು. ಅವರ ಕಾರ್ಯದರ್ಶಿ ಬಂದು ಕುಳಿತು, ಇವತ್ತು ಹೊಸಬರಿಗೆ, ನಾಳೆ ನಮ್ಮ ಹಾಜರಿಗೆ, ಬಡ್ತಿಗೆ, ಅಲ್ಲವೇ ಎಂದು ನೇರವಾಗಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಕೆಲಸದಲ್ಲಿ ಇರುವವರ ಮೇಲೆ, ಅಂದರೆ ಬಡ್ತಿ, ಶಿಸ್ತುಕ್ರಮ, ಗುತ್ತಿಗೆ ನವೀಕರಣದ ವಿಷಯಗಳಲ್ಲಿ ಇದನ್ನು ಬಳಸುವುದಿಲ್ಲ, ಮುಂದೆ ಬಳಸುವ ಯೋಚನೆ ಬಂದರೆ ಮೊದಲು ಯೂನಿಯನ್ ಜೊತೆ ಕೂರುತ್ತೇವೆ ಎಂದು ಒಂದು ಹಾಳೆಯಲ್ಲಿ ಬರೆದೆವು. ಪ್ಲಾಂಟ್ ಮುಖ್ಯಸ್ಥರು ಸಹಿ ಹಾಕಲು ಸ್ವಲ್ಪ ಹಿಂದೆಮುಂದೆ ನೋಡಿದರು. ಹಾಕಿದರು.

ನಡೆಸಲು ಶುರುಮಾಡಿದ ಮೇಲೆ ಹೊಸದೊಂದು ತೊಡಕು. ಅಂಕ ಮುಚ್ಚಿದ್ದೇವೆ, ಸರಿ. ಆದರೆ ಸಾಫ್ಟ್‌ವೇರ್ ತನಗೆ ಬೇಕಾದ ಕ್ರಮದಲ್ಲಿ ಅರ್ಜಿಗಳನ್ನು ಜೋಡಿಸಿ ತೋರಿಸುತ್ತಿತ್ತು. ನಮ್ಮ ಕೋಣೆಯ ಹುಡುಗಿಯರು ಮೇಲಿನವಕ್ಕೆ ‘ಕರೆಯಿರಿ’, ಕೆಳಗಿನವಕ್ಕೆ ‘ಬೇಡ’ ಎಂದು ಹಾಕುತ್ತ ಹೋಗುತ್ತಿದ್ದರು, ತಮಗೇ ಗೊತ್ತಿಲ್ಲದೆ. ಮನುಷ್ಯರೇ ತೀರ್ಮಾನಿಸುತ್ತಾರೆ ಎಂದು ನಾವು ಬರೆದದ್ದು ಕಾಗದದಲ್ಲಿ ಉಳಿಯಿತು. ಹಾಗಾಗಿ ಅದರ ಕ್ರಮವೂ ಬೇಡ, ಅರ್ಜಿ ಸಂಖ್ಯೆಯ ಕ್ರಮವೂ ಬೇಡ, ಪ್ರತಿ ಬಾರಿ ಕಲಸಿ ತೋರಿಸಬೇಕು ಎಂದು ಬದಲಿಸಿದೆವು. ಮೊದಲು ಅರ್ಜಿ, ಅದರ ಮೇಲೆ ಓದಿದವರ ಒಂದು ಸಾಲಿನ ಅಭಿಪ್ರಾಯ, ಅದನ್ನು ಬರೆದ ಮೇಲೆ ಮಾತ್ರ ಸಾರಾಂಶ ತೆರೆಯುತ್ತದೆ. ಇದರಿಂದ ಕೆಲಸ ನಿಧಾನವಾಯಿತು. ಎಷ್ಟು ಹೊತ್ತು ಉಳಿಯಿತು ಎಂದು ಪ್ಲಾಂಟ್ ಮುಖ್ಯಸ್ಥರು ತಿಂಗಳ ಸಭೆಯಲ್ಲಿ ಕೇಳುತ್ತಾರೆ. ಮಾರುವವರು ಹೇಳಿದಷ್ಟು ಉಳಿದಿಲ್ಲ ಎಂದು ನಾನೂ ತಿಂಗಳ ಸಭೆಯಲ್ಲಿ ಹೇಳುತ್ತೇನೆ. ಉಳಿದದ್ದು ಬೇರೆ ಕಡೆ. ಸಂದರ್ಶನದ ದಿನ ಹೊಂದಿಸುವುದು, ಬರುವ ದಾರಿ ತಿಳಿಸುವುದು, ಯಾವ ಅಂಕಪಟ್ಟಿ ತರಬೇಕೆಂದು ನೆನಪಿಸುವುದು, ಇವನ್ನೆಲ್ಲ ಯಂತ್ರ ಅಚ್ಚುಕಟ್ಟಾಗಿ ಮಾಡುತ್ತದೆ. ಜಾಲಹಳ್ಳಿ ಕ್ರಾಸ್‌ನಲ್ಲಿ ಇಳಿದು ಎತ್ತ ಹೋಗಬೇಕು ಎಂದು ಕೇಳುವ ಫೋನುಗಳು ನಿಂತಿವೆ. ಅದು ಸಣ್ಣ ಉಪಕಾರವಲ್ಲ.

ಕಾರಣ ಹೇಳುವ ನಿಯಮವೇ ಎಲ್ಲಕ್ಕಿಂತ ಕಷ್ಟದ್ದು. ಬೇಡವೆಂದು ಹಾಕುವವರು ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಬೇಕು, ಮತ್ತು ಅದು ಫೋನಿನಲ್ಲಿ ಆ ವ್ಯಕ್ತಿಗೆ ಹೇಳಲು ಬರುವಂತಿರಬೇಕು. ‘ಸೆಟ್ಟಿಂಗ್ ಮಾಡಿದ ಅನುಭವ ಇಲ್ಲ, ಈ ಹುದ್ದೆಗೆ ಅದು ಬೇಕು’ ಎಂದು ಹೇಳಬಹುದು. ‘ಹೊಂದಿಕೆಯಾಗಲಿಲ್ಲ’ ಎಂಬುದಕ್ಕೆ ಅವಕಾಶವಿಲ್ಲ. ಇದನ್ನು ಜಾರಿಗೆ ತಂದ ಮೇಲೆ ತಿರಸ್ಕಾರಗಳೇ ಕಡಿಮೆಯಾದವು, ಏಕೆಂದರೆ ಬರೆಯಲು ಕಾರಣ ಸಿಗದಿದ್ದಾಗ ಜನ ಮತ್ತೊಮ್ಮೆ ಓದುತ್ತಾರೆ. ಫೋನ್ ಮಾಡಿ ಕೇಳುವವರು ಬಹಳ ಇಲ್ಲ. ಕೇಳಿದವರಲ್ಲಿ ಒಬ್ಬ, ಸೆಟ್ಟಿಂಗ್ ತನಗೆ ಬರುತ್ತದೆ, ಅರ್ಜಿಯಲ್ಲಿ ಬರೆಯಲು ತೋಚಲಿಲ್ಲ ಎಂದ. ಬಂದು ಮಾಡಿ ತೋರಿಸು ಎಂದೆವು. ತೋರಿಸಿದ. ಈಗ ಎರಡನೇ ಪಾಳಿಯಲ್ಲಿದ್ದಾನೆ.

ವಿರಾಮದ ನಿಯಮ ತೆಗೆದ ಮೇಲೆ ಬಂದವರಲ್ಲಿ ಗುಣಮಟ್ಟ ಪರೀಕ್ಷೆಗೆ ಸೇರಿದ ಹೆಂಗಸರು ಕೆಲವರಿದ್ದಾರೆ; ಲೆಕ್ಕ ಇನ್ನೂ 0.8ರ ಆಸುಪಾಸಿನಲ್ಲೇ ಓಲಾಡುತ್ತಿದೆ. ಒಂದು ಸಲ ಮೇಲೆ, ಮುಂದಿನ ಸಲ ಕೆಳಗೆ. ನಮ್ಮಂಥ ಕಡೆ ಅರ್ಜಿಗಳೇ ಕಡಿಮೆಯಿರುವಾಗ ಒಬ್ಬಿಬ್ಬರಿಂದ ಸಂಖ್ಯೆ ಏರಿಳಿಯುತ್ತದೆ, ಹಾಗಾಗಿ ಏರಿದಾಗ ಬೀಗುವುದೂ ಇಲ್ಲ. ಎಲ್ಲ ಸಾಫ್ಟ್‌ವೇರಿನ ತಪ್ಪೂ ಅಲ್ಲ. ರಾತ್ರಿ ಪಾಳಿಗೆ ವಾಹನ ಯಾವ ಬಡಾವಣೆಯವರೆಗೆ ಬರುತ್ತದೆ ಎಂಬುದು ಎಷ್ಟೋ ಜನರ ತೀರ್ಮಾನವನ್ನು ನಮಗಿಂತ ಮೊದಲೇ ಮಾಡಿರುತ್ತದೆ.

ಈಗ ಮಾರುವವರು ಹೊಸದೊಂದನ್ನು ತಂದಿದ್ದಾರೆ. ಅಭ್ಯರ್ಥಿಗಳಿಗೆ ತಾನೇ ಫೋನ್ ಮಾಡಿ ಕನ್ನಡದಲ್ಲಿ ಮಾತನಾಡಿಸಿ ಪ್ರಶ್ನೆ ಕೇಳುವ ಯಂತ್ರ. ಕೇಳಲು ನಿಜಕ್ಕೂ ಚೆನ್ನಾಗಿದೆ. ಪುಸ್ತಕದ ಕನ್ನಡ ಮಾತನಾಡುವ ದೂರದರ್ಶನದ ವಾರ್ತಾವಾಚಕಿಯಂತೆ. ನಮ್ಮ ಸ್ಟೋರ್ಸಿನಲ್ಲಿರುವ ಕಲಬುರಗಿಯವರೊಬ್ಬರನ್ನು, ಮಂಗಳೂರಿನ ಕಡೆಯ ಎಂಜಿನಿಯರ್ ಒಬ್ಬರನ್ನು, ಕೋಲಾರದ ಹುಡುಗನೊಬ್ಬನನ್ನು ಅದರೊಡನೆ ಮಾತಿಗೆ ಕೂರಿಸಿದೆವು. ಕೋಲಾರದವನದು ಪಾರಾಯಿತು. ಕಲಬುರಗಿಯವರ ಉತ್ತರವನ್ನು ಅದು ಮೂರು ಸಲ ಮತ್ತೆ ಹೇಳಿಸಿ, ಕೊನೆಗೆ ‘ಉತ್ತರ ಸ್ಪಷ್ಟವಾಗಿಲ್ಲ’ ಎಂದು ಬರೆದುಕೊಂಡಿತು. ಅವರು ಬಿಟ್ಟು ಬಂದು, ಸ್ಪಷ್ಟ ಇರದೇ ಇರುವುದು ಅದರ ಕಿವಿ ಎಂದರು. ಕಿವಿ ಕೇಳದವರೂ ನಮ್ಮ ಮಷಿನ್ ಶಾಪಿನಲ್ಲಿ ಇದ್ದಾರೆ, ಒಳ್ಳೆಯ ಕೆಲಸಗಾರರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸಮಾನ ಅವಕಾಶದ ನೀತಿ ಬರೆದು ಗೋಡೆಗೆ ಅಂಟಿಸಿದ್ದೇವೆ. ಫೋನಿನಲ್ಲೇ ಮೊದಲ ಸುತ್ತು ನಡೆದರೆ ಅವರಂಥವರು ಒಳಗೆ ಬರುವುದು ಹೇಗೆ ಎಂದು ಕೇಳಿ ಬರೆದಿದ್ದೇನೆ. ತಾಂತ್ರಿಕ ತಂಡ ನೋಡುತ್ತಿದೆ ಎಂದು ಉತ್ತರ ಬಂದಿದೆ. ಸದ್ಯಕ್ಕೆ ಫೋನ್ ನಾವೇ ಮಾಡುತ್ತೇವೆ, ಕೇಳಿಸದವರಿಗೆ ಸಂದೇಶ ಬರೆಯುತ್ತೇವೆ.